ಮಡಿಕೆ ಬೀಳುವ ಭ್ರೂಣ, ಲೆಕ್ಕ ಹಾಕುವ ಅನಿಮೇಷನ್

ಹಣ್ಣಾದ ಬಾಳೆಯ ಸುತ್ತ ಹಾರಾಡುವ ಸಣ್ಣ ಹಣ್ಣುನೊಣದ ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್. ಫಲಿತಗೊಂಡು ಮೂರು ಗಂಟೆ ಕಳೆಯುವ ಹೊತ್ತಿಗೆ ಅದರ ಹೊರಮೈಯಲ್ಲಿ ಸುಮಾರು 6,000 ಜೀವಕೋಶಗಳು ಒಂದೇ ಪದರದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಆಗ ಹೊಟ್ಟೆಯ ಕಡೆ, ಸುಮಾರು 18 ಕೋಶಗಳಷ್ಟು ಅಗಲವಾದ ಒಂದು ಪಟ್ಟಿ ಒಳಕ್ಕೆ ಕುಸಿಯತೊಡಗುತ್ತದೆ. ಹದಿನೈದಿಪ್ಪತ್ತು ನಿಮಿಷಗಳಲ್ಲಿ ಸಾವಿರದಷ್ಟು ಕೋಶಗಳು ಒಳಗೆ ಸೇರಿಬಿಡುತ್ತವೆ. ಹೊರಗೆ ಉಳಿದವು ಎರಡೂ ಪಕ್ಕಗಳಿಂದ ಬಂದು ಕೂಡಿಕೊಳ್ಳುತ್ತವೆ. ಒಳಹೊಕ್ಕ ಕೋಶಗಳಿಂದ ಮುಂದೆ ನೊಣದ ಸ್ನಾಯುಗಳು ರೂಪುಗೊಳ್ಳುತ್ತವೆ.

ಇಂದಿನ ಸೂಕ್ಷ್ಮದರ್ಶಕದಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಬಹುದು, ವಿಡಿಯೊ ಮಾಡಿಕೊಳ್ಳಬಹುದು. ಆ ವಿಡಿಯೊದಲ್ಲಿ ಪ್ರತಿ ಕೋಶವೂ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಕಾಣುತ್ತದೆ. ಅದನ್ನು ಅಲ್ಲಿಗೆ ಕೊಂಡೊಯ್ದದ್ದು ಯಾವುದು ಎಂಬುದು ಮಾತ್ರ ಕಾಣುವುದಿಲ್ಲ. ಕುಸಿಯುತ್ತಿರುವ ಕೋಶ ತಾನಾಗಿ ಒಳಕ್ಕೆ ಹೊರಟಿದೆಯೇ, ಅಕ್ಕಪಕ್ಕದವು ಅದನ್ನು ತಳ್ಳುತ್ತಿವೆಯೇ, ಕೆಳಗಿನಿಂದ ಏನಾದರೂ ಎಳೆಯುತ್ತಿದೆಯೇ? ಮೂರರಲ್ಲಿ ಯಾವುದು ನಿಜವಾಗಿದ್ದರೂ ಪರದೆಯ ಮೇಲೆ ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ. ಬಲ ಎಂಬುದು ಕ್ಯಾಮೆರಾಕ್ಕೆ ಸಿಗುವ ವಸ್ತುವಲ್ಲ. ಭ್ರೂಣವಿಜ್ಞಾನಕ್ಕೆ ಕಂಪ್ಯೂಟರ್ ಅನಿಮೇಷನ್ ಬೇಕಾದದ್ದು ಈ ಕೊರತೆಯಿಂದಾಗಿ.

ಅನಿಮೇಷನ್ ಎಂದ ಕೂಡಲೇ ನಮಗೆ ನೆನಪಾಗುವುದು ಮೊಬೈಲಿನಲ್ಲಿ ಹರಿದಾಡುವ, ‘ಗರ್ಭದಲ್ಲಿ ಮಗು ತಿಂಗಳಿಂದ ತಿಂಗಳಿಗೆ’ ಬಗೆಯ ವಿಡಿಯೊಗಳು. ಅವು ಚೆನ್ನಾಗಿಯೇ ಇರುತ್ತವೆ. ಆದರೆ ಅಲ್ಲಿ ಕಲಾವಿದನಿಗೆ ಮೊದಲ ಆಕಾರವೂ ಗೊತ್ತು, ಕೊನೆಯ ಆಕಾರವೂ ಗೊತ್ತು. ನಡುವಿನ ಚಿತ್ರಗಳನ್ನು ತಂತ್ರಾಂಶ ಹದವಾಗಿ ತುಂಬಿಕೊಡುತ್ತದೆ. ಕೈ ಎಲ್ಲಿ ಮೂಡಬೇಕು ಎಂದು ಮೊದಲೇ ತೀರ್ಮಾನವಾಗಿರುವುದರಿಂದ ಅಂಥ ಅನಿಮೇಷನ್ ಎಂದೂ ಸೋಲುವುದಿಲ್ಲ. ಎಂದೂ ಸೋಲದ ಕಾರಣಕ್ಕೇ ಅದರಿಂದ ಹೊಸದೇನನ್ನೂ ಕಲಿಯಲಾಗದು. ಸಂಶೋಧಕರು ಮಾಡುವುದು ಇನ್ನೊಂದು ಬಗೆಯದು. ಅಲ್ಲಿ ಕೊನೆಯ ಆಕಾರವನ್ನು ಯಾರೂ ಬರೆದಿಡುವುದಿಲ್ಲ. ಕೋಶಗಳಿಗೆ ಒಂದಿಷ್ಟು ನಿಯಮಗಳನ್ನು ಕೊಟ್ಟು, ಗಡಿಯಾರವನ್ನು ಓಡಿಸಿ, ಏನಾಗುತ್ತದೋ ನೋಡುತ್ತಾರೆ. ಬಹಳ ಸಲ ಭ್ರೂಣದ ಬದಲು ಏನೋ ವಿಕಾರವಾದದ್ದು ಹುಟ್ಟುತ್ತದೆ. ಈ ಕೆಲಸದ ಬೆಲೆ ಇರುವುದು ಅಂಥ ವಿಕಾರಗಳಲ್ಲಿ ಎಂದೇ ನನ್ನ ಅನಿಸಿಕೆ.

ಕಂಪ್ಯೂಟರ್ ಬರುವುದಕ್ಕೆ ಬಹಳ ಹಿಂದೆಯೇ ಈ ಬಗೆಯ ಯೋಚನೆ ಇತ್ತು. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸ್ವಿಸ್ ಅಂಗರಚನಾ ತಜ್ಞ ವಿಲ್ಹೆಲ್ಮ್ ಹಿಸ್ 1874ರಲ್ಲಿ, ಭ್ರೂಣದ ಮಡಿಕೆಗಳು ಅಸಮ ಬೆಳವಣಿಗೆಯ ಒತ್ತಡದಿಂದ ಬೀಳುತ್ತವೆ ಎಂದು ವಾದಿಸಿದ. ಸೀಳಿದ ರಬ್ಬರ್ ಕೊಳವೆಯನ್ನು ಬಗ್ಗಿಸಿ, ಮಿದುಳಿನ ಆರಂಭದ ಬಾಗುಗಳು ಹೀಗೆಯೇ ಬರುತ್ತವೆ ಎಂದು ತೋರಿಸಿದ. ಡಾರ್ವಿನ್‌ನ ಪಕ್ಷಪಾತಿ ಅರ್ನ್ಸ್ಟ್ ಹೆಕೆಲ್‌ಗೆ ಇದು ನಗೆಪಾಟಲಿನ ಸಂಗತಿಯಾಗಿ ಕಂಡಿತು. ಅವನ ದೃಷ್ಟಿಯಲ್ಲಿ ಭ್ರೂಣದ ಆಕಾರಕ್ಕೆ ಕಾರಣ ಅದರ ಪೂರ್ವಜರ ಚರಿತ್ರೆ. ಬಾಗಿದ್ದು ಯಾಕೆ ಬಾಗಿತು ಎಂದು ಬೇರೆಯಾಗಿ ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ. ‘ರಬ್ಬರ್ ಕೊಳವೆ ಸಿದ್ಧಾಂತ’ ಎಂದು ಹಿಸ್‌ನನ್ನು ಗೇಲಿ ಮಾಡಿದ. ಮುಂದೆ 1947ರಲ್ಲಿ ಅಮೆರಿಕದ ವಾರೆನ್ ಲೂಯಿಸ್ ಹಿತ್ತಾಳೆಯ ಪಟ್ಟಿಗಳನ್ನೂ ರಬ್ಬರ್ ಬ್ಯಾಂಡ್‌ಗಳನ್ನೂ ಜೋಡಿಸಿ ಕೋಶಗಳ ಸಾಲೊಂದನ್ನು ಮಾಡಿದ. ಒಂದು ಬದಿಯ ಬ್ಯಾಂಡ್‌ಗಳನ್ನು ಬಿಗಿ ಮಾಡಿದರೆ ಇಡೀ ಸಾಲು ಬಾಗುತ್ತಿತ್ತು.

ಲೂಯಿಸ್‌ನ ಹಿತ್ತಾಳೆ ಪಟ್ಟಿಗಳು ಸಮೀಕರಣಗಳಾಗಿ ಕಂಪ್ಯೂಟರಿನೊಳಗೆ ಹೋದದ್ದು 1980ರ ಆಸುಪಾಸಿನಲ್ಲಿ. ಗಣಿತಜ್ಞ ಗ್ಯಾರೆಟ್ ಓಡೆಲ್, ಬರ್ಕ್ಲಿಯ ಜಾರ್ಜ್ ಆಸ್ಟರ್, ಕೋಶವಿಜ್ಞಾನಿ ಬೆತ್ ಬರ್ನ್‌ಸೈಡ್ ಮತ್ತು ಸ್ಪೇನ್ ಮೂಲದ ಪೇರೆ ಆಲ್ಬೆರ್ಕ್ ಸೇರಿ 1981ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಆಮೇಲೆ ಬಂದ ಮಾದರಿಗಳಲ್ಲಿ ಎಷ್ಟೋ ಅದರ ನೆಂಟರೇ.

ಭ್ರೂಣವನ್ನು ಅಡ್ಡಲಾಗಿ ಕತ್ತರಿಸಿದರೆ ಕೋಶಗಳ ಒಂದು ಉಂಗುರ ಕಾಣುತ್ತದೆ. ಓಡೆಲ್ ತಂಡ ಆ ಉಂಗುರದ ಪ್ರತಿ ಕೋಶವನ್ನೂ ಒಂದು ಚತುರ್ಭುಜ ಮಾಡಿತು. ಚತುರ್ಭುಜದ ಒಂದು ಬದಿ ಭ್ರೂಣದ ಹೊರಗೆ ಮುಖ ಮಾಡಿದ್ದು, ಎದುರಿನದು ಒಳಗೆ, ಉಳಿದೆರಡು ಪಕ್ಕದ ಕೋಶಗಳಿಗೆ ಅಂಟಿಕೊಂಡಿದ್ದು. ಪ್ರತಿ ಬದಿಯಲ್ಲೂ ಒಂದು ಸ್ಪ್ರಿಂಗ್, ಜೊತೆಗೆ ಅದರ ಚಲನೆಯನ್ನು ನಿಧಾನಿಸುವ ಒಂದು ಡ್ಯಾಂಪರ್. ಸ್ಪ್ರಿಂಗ್ ಎಂದರೆ ಎಳೆದರೆ ಹಿಂದಕ್ಕೆ ಬರುವ ಗುಣ, ಡ್ಯಾಂಪರ್ ಎಂದರೆ ಅವಸರಕ್ಕೆ ಒಗ್ಗದ ಜಿಗುಟು ಗುಣ. ಜೀವಕೋಶಕ್ಕೆ ಎರಡೂ ಇವೆ. ಇದರ ಮೇಲೆ ಇನ್ನೊಂದು ಷರತ್ತು: ಕೋಶದ ಗಾತ್ರ ಬದಲಾಗಬಾರದು. ಕೋಶದಲ್ಲಿ ಬಹುಪಾಲು ನೀರು. ನೀರನ್ನು ಹಿಂಡಿ ಚಿಕ್ಕದು ಮಾಡಲಾಗದು.

ಈಗ ಹೊರಮುಖದ ಬದಿಗೆ ಜೀವ ಬರಬೇಕು. ನಿಜವಾದ ಕೋಶದಲ್ಲಿ ಆ ಬದಿಯ ಅಂಚಿನಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ನೂಲುಗಳೂ ಅವನ್ನು ಎಳೆಯುವ ಮಯೋಸಿನ್ ಎಂಬ ಮೋಟಾರು ಪ್ರೋಟೀನೂ ಇರುತ್ತವೆ. ನಮ್ಮ ತೋಳಿನ ಸ್ನಾಯುವನ್ನು ಕುಗ್ಗಿಸುವುದೂ ಈ ಎರಡು ಪ್ರೋಟೀನ್‌ಗಳ ಜೋಡಿಯೇ. ಅಜ್ಜಿಯರ ಎಲೆ ಅಡಿಕೆ ಸಂಚಿಯ ದಾರ ಎಳೆದಾಗ ಬಾಯಿ ಕಿರಿದಾಗುವಂತೆ ಕೋಶದ ಹೊರಮುಖ ಕಿರಿದಾಗುತ್ತದೆ. ಗಾತ್ರ ಬದಲಾಗುವಂತಿಲ್ಲವಾದ್ದರಿಂದ ಕೋಶದ ಒಳಗಿನದೆಲ್ಲ ಕೆಳಕ್ಕೆ ಸರಿದು ಒಳಮುಖ ಅಗಲವಾಗುತ್ತದೆ, ಕೋಶ ಬೆಣೆಯ ಆಕಾರ ತಾಳುತ್ತದೆ. ಒಂದೇ ಕೋಶ ಬೆಣೆಯಾದರೆ ಏನೂ ಆಗದು. ಸಾಲಾಗಿ ಹತ್ತು ಹದಿನೈದು ಕೋಶಗಳು ಒಟ್ಟಿಗೆ ಬೆಣೆಯಾದರೆ ಆ ಪದರ ಬಾಗದೆ ಬೇರೆ ದಾರಿಯೇ ಇಲ್ಲ.

ಓಡೆಲ್ ತಂಡ ಇಲ್ಲಿ ಒಂದು ಜಾಣ ಊಹೆಯನ್ನು ಸೇರಿಸಿತು. ಕೋಶದ ಹೊರಮುಖವನ್ನು ಸ್ವಲ್ಪ ಎಳೆದು ಬಿಟ್ಟರೆ ಅದು ಮೊದಲಿನಂತಾಗುತ್ತದೆ. ಒಂದು ಮಿತಿಯನ್ನು ಮೀರಿ ಎಳೆದರೆ ಅದು ಕೆರಳಿ ಬಿಗಿಯಾಗಿ ಕುಗ್ಗುತ್ತದೆ, ಕುಗ್ಗಿದ ಉದ್ದವೇ ಅದರ ಹೊಸ ಸಹಜ ಉದ್ದವಾಗಿಬಿಡುತ್ತದೆ. ಒಂದು ಕೋಶ ಕುಗ್ಗಿದಾಗ ಪಕ್ಕದ ಕೋಶ ಎಳೆತಕ್ಕೆ ಸಿಗುತ್ತದೆ, ಮಿತಿ ಮೀರುತ್ತದೆ, ತಾನೂ ಕುಗ್ಗುತ್ತದೆ, ಅದರ ಪಕ್ಕದ್ದನ್ನು ಎಳೆಯುತ್ತದೆ. ಹೀಗೆ ಸಂಕೋಚನದ ಅಲೆಯೊಂದು ಪದರದುದ್ದಕ್ಕೂ ಹರಿಯುತ್ತದೆ. ಯಾವ ಕೋಶಕ್ಕೂ ಇಡೀ ಭ್ರೂಣದ ನಕ್ಷೆ ಗೊತ್ತಿರಬೇಕಿಲ್ಲ. ಮೊದಲ ಕೋಶವನ್ನು ಯಾರಾದರೂ ಕೆರಳಿಸಿದರೆ ಸಾಕು, ಉಂಗುರದಲ್ಲಿ ಕುಳಿ ಬೀಳುತ್ತದೆ, ಕುಳಿ ಕೊಳವೆಯಾಗುತ್ತದೆ. ಅದೇ ಸಮೀಕರಣಗಳಲ್ಲಿ ಅಂಕಿಗಳನ್ನು ಬದಲಿಸಿದಾಗ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಹೊಟ್ಟೆಯ ಕುಳಿಯೂ ಬಂತು, ಹಣ್ಣುನೊಣದ ಮಡಿಕೆಯೂ ಬಂತು, ಉಭಯಚರಗಳ ನರನಾಳವೂ (ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ಬಂತು.

ಪರದೆಯ ಮೇಲೆ ಚಲನೆ ಮೂಡುವ ಬಗೆ ಹೀಗೆ. ಒಂದು ಕ್ಷಣದಲ್ಲಿ ಪ್ರತಿ ಮೂಲೆಯ ಮೇಲೆ ಬೀಳುವ ಬಲಗಳನ್ನೆಲ್ಲ ಕೂಡಿಸುತ್ತಾರೆ. ಆ ಮೊತ್ತಕ್ಕೆ ತಕ್ಕಷ್ಟು ಮೂಲೆಯನ್ನು ತುಸು ಸರಿಸುತ್ತಾರೆ. ಸರಿಸಿದ ಮೇಲೆ ಸ್ಪ್ರಿಂಗುಗಳ ಉದ್ದ ಬದಲಾಗಿರುತ್ತದೆ, ಆದ್ದರಿಂದ ಬಲಗಳನ್ನು ಮತ್ತೆ ಲೆಕ್ಕ ಹಾಕುತ್ತಾರೆ. ಸಾವಿರಾರು ಸಲ ಇದೇ ಕೆಲಸ. ಸಿನಿಮಾದಲ್ಲಿ ನಾಯಕಿಯ ಸೆರಗನ್ನು ಕಂಪ್ಯೂಟರ್ ಹಾರಿಸುವಾಗಲೂ ಬಟ್ಟೆಯನ್ನು ಸ್ಪ್ರಿಂಗುಗಳ ಜಾಲವೆಂದು ಭಾವಿಸಿ ಹೆಚ್ಚುಕಡಿಮೆ ಇದನ್ನೇ ಮಾಡುವುದು ವಾಡಿಕೆ. ಎರಡಕ್ಕೂ ದೊಡ್ಡದೊಂದು ವ್ಯತ್ಯಾಸವಿದೆ. ಸೆರಗಿಗೆ ಜಡತ್ವವಿದೆ, ಗಾಳಿ ನಿಂತ ಮೇಲೂ ಅದು ಒಂದಿಷ್ಟು ಹೊತ್ತು ತೂಗಾಡುತ್ತದೆ. ಭ್ರೂಣದ ಲೋಕದಲ್ಲಿ ಜಡತ್ವ ಲೆಕ್ಕಕ್ಕೇ ಇಲ್ಲ. ಅಷ್ಟು ಸಣ್ಣ ಅಳತೆಯಲ್ಲಿ, ಅಷ್ಟು ನಿಧಾನದ ಚಲನೆಯಲ್ಲಿ ಎಲ್ಲವನ್ನೂ ಆಳುವುದು ಜಿಗುಟು. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಈಜುತ್ತಿರುವ ಬ್ಯಾಕ್ಟೀರಿಯಾ ಈಜುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟು ದೂರವೂ ಸಾಗದೆ ನಿಂತುಬಿಡುತ್ತದೆ. ಭ್ರೂಣದ ಕೋಶಕ್ಕೂ ಇದೇ ಅನ್ವಯ. ಹಾಗಾಗಿ ಶಾಲೆಯಲ್ಲಿ ಕಲಿತ ‘ಬಲ ಎಂದರೆ ರಾಶಿ ಗುಣಿಸು ವೇಗೋತ್ಕರ್ಷ’ ಇಲ್ಲಿ ಕೈಕಟ್ಟಿ ಕೂರುತ್ತದೆ. ಬಲ ಇದ್ದಷ್ಟು ಹೊತ್ತು ಚಲನೆ, ಬಲ ನಿಂತರೆ ಚಲನೆಯೂ ನಿಂತಿತು. ವಸ್ತು ಚಲಿಸುತ್ತಿರಬೇಕಾದರೆ ಯಾರಾದರೂ ತಳ್ಳುತ್ತಲೇ ಇರಬೇಕು ಎಂದ ಅರಿಸ್ಟಾಟಲ್‌ನ ಮಾತು ಇಲ್ಲಿ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಇನ್ನು ಆ ಜಾಣ ಊಹೆಯ ಗತಿ. ನೊಣದ ಮಟ್ಟಿಗೆ ಯಾವ ಕೋಶಗಳು ಕುಗ್ಗಬೇಕು ಎಂಬುದನ್ನು ಮುಖ್ಯವಾಗಿ ಗೊತ್ತುಮಾಡುವುದು ‘ಟ್ವಿಸ್ಟ್’ ಮತ್ತು ‘ಸ್ನೇಲ್’ ಎಂಬ ಎರಡು ಜೀನ್‌ಗಳು ಎಂದು ತಿಳಿದುಬಂದಿದೆ. ಅವು ಕೆಲಸ ಮಾಡದ ನೊಣಗಳಲ್ಲಿ ಮಡಿಕೆ ಬೀಳುವುದೇ ಇಲ್ಲ. ಅಂದರೆ ಎಳೆತದ ಅಲೆಯೊಂದೇ ಹೊಟ್ಟೆಯ ಪಟ್ಟಿಯನ್ನು ಆರಿಸುತ್ತದೆ ಎಂಬ ಚಿತ್ರ ನಿಲ್ಲಲಿಲ್ಲ. 2009ರಲ್ಲಿ ಆ್ಯಡಮ್ ಮಾರ್ಟಿನ್, ಎರಿಕ್ ವೀಶೌಸ್ ಮತ್ತು ಸಂಗಡಿಗರು ಜೀವಂತ ಭ್ರೂಣದಲ್ಲಿ ಮಯೋಸಿನ್ ಹೊಳೆಯುವಂತೆ ಮಾಡಿ ನೋಡಿದಾಗ ಇನ್ನೊಂದು ಅಚ್ಚರಿ ಕಂಡಿತು. ಕೋಶದ ಹೊರಮುಖ ಒಂದೇ ಸಮನೆ ಕಿರಿದಾಗುವುದಿಲ್ಲ. ಒಂದು, ಒಂದೂವರೆ ನಿಮಿಷಕ್ಕೊಮ್ಮೆ ಮಿಡಿದು ಕುಗ್ಗುತ್ತದೆ, ಸ್ವಲ್ಪ ತಡೆಯುತ್ತದೆ, ಹಿಂದಕ್ಕೆ ಜಾರದೆ ಮತ್ತೆ ಕುಗ್ಗುತ್ತದೆ. ಸಂಕೋಚನ ನಡೆಯುವುದು ಅಂಚಿನ ದಾರದಲ್ಲಿ ಮಾತ್ರವೂ ಅಲ್ಲ; ಹೊರಮುಖದ ನಡುಮಧ್ಯೆ ಹರಡಿದ ನೂಲುಗಳ ಬಲೆಯೇ ಕುಗ್ಗುತ್ತದೆ. ಆದರೂ ಕುಗ್ಗಿದ ಉದ್ದವೇ ಕೋಶದ ಹೊಸ ಸಹಜ ಉದ್ದವಾಗುತ್ತದೆ ಎಂದು 1981ರಲ್ಲಿ ಬರೆದ ನಿಯಮ, ಹಿಂದಕ್ಕೆ ಜಾರದ ಈ ಮಿಡಿತಕ್ಕೆ ಹತ್ತಿರವಾಗಿಯೇ ಇತ್ತು. ಮಾದರಿಯೊಂದು ಅರ್ಧ ತಪ್ಪಾಗಿ ಅರ್ಧ ಸರಿಯಾಗುವುದು ಹೀಗೆ.

ಸೀ ಅರ್ಚಿನ್‌ನ ಕತೆ ಇದಕ್ಕಿಂತ ಪಾಠದಾಯಕ. ಅದರ ಭ್ರೂಣ ಒಂದು ಹಂತದಲ್ಲಿ ಟೊಳ್ಳು ಗೋಳ. ಒಂದೇ ಪದರದ ಕೋಶಗಳು, ಅವುಗಳ ಹೊರಗೆ ಕೋಶಗಳೇ ಸುರಿಸಿದ ಲೋಳೆಯ ಹೊದಿಕೆ. ಗೋಳದ ಒಂದು ತುದಿ ಚಪ್ಪಟೆಯಾಗಿ, ಆಮೇಲೆ ಒಳಕ್ಕೆ ತಗ್ಗುತ್ತದೆ. ಇದು ಹೇಗೆ ಎಂಬುದಕ್ಕೆ ಐದು ವಿವರಣೆಗಳಿದ್ದವು. ಕೋಶಗಳ ಹೊರಮುಖ ಕುಗ್ಗುತ್ತದೆ ಎಂಬುದು ಒಂದು. ಸುತ್ತಲಿನ ಕೋಶಗಳು ತೆವಳಿ ನಡುವಿನವನ್ನು ಒಳದೂಡುತ್ತವೆ ಎಂಬುದು ಇನ್ನೊಂದು. ತಗ್ಗಿನ ಸುತ್ತ ಒಂದು ಉಂಗುರ ಬಿಗಿಯಾಗುತ್ತದೆ ಎಂದು ಕೆಲವರು, ಕೋಶಗಳು ಎತ್ತರದಲ್ಲಿ ಕುಗ್ಗಿ ಅಗಲವಾಗಲು ಹವಣಿಸುವಾಗ ಪದರ ಜಾಗ ಸಾಲದೆ ಬಾಗುತ್ತದೆ ಎಂದು ಇನ್ನು ಕೆಲವರು ಹೇಳಿದರು. ಐದನೆಯದರಲ್ಲಿ ಕೋಶಗಳು ನೇರವಾಗಿ ಬಲ ಹಾಕುವುದೇ ಇಲ್ಲ: ಅವು ಹೊದಿಕೆಯ ಒಳಪದರಕ್ಕೆ ನೀರು ಹೀರುವ ವಸ್ತುವನ್ನು ಸುರಿಸುತ್ತವೆ, ಒಳಪದರ ಉಬ್ಬುತ್ತದೆ, ಹೊರಪದರ ಉಬ್ಬುವುದಿಲ್ಲ, ಎರಡೂ ಅಂಟಿಕೊಂಡಿರುವುದರಿಂದ ಹೊದಿಕೆ ಒಳಕ್ಕೆ ಬಾಗಿ ಕೋಶಗಳನ್ನೂ ಜೊತೆಗೆ ಕರೆದೊಯ್ಯುತ್ತದೆ.

1995ರಲ್ಲಿ ಲ್ಯಾನ್ಸ್ ಡೇವಿಡ್‌ಸನ್, ಮಿಮಿ ಕೋಲ್, ರೇ ಕೆಲರ್ ಮತ್ತು ಮೇಲೆ ಹೇಳಿದ ಜಾರ್ಜ್ ಆಸ್ಟರ್ ಐದನ್ನೂ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಸೇತುವೆ, ಕಟ್ಟಡಗಳ ಬಲವನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ವಿಧಾನವನ್ನೇ ಬಳಸಿದರು. ಐದೂ ವಿವರಣೆಗಳಿಂದ ತಗ್ಗು ಮೂಡಿತು! ಇಷ್ಟಕ್ಕೇ ನಿಲ್ಲಿಸಿದ್ದರೆ ಯಾವುದಾದರೂ ಒಂದನ್ನು ಹಿಡಿದು ‘ನೋಡಿ, ನಮ್ಮ ಅನಿಮೇಷನ್ ಭ್ರೂಣದಂತೆಯೇ ಇದೆ’ ಎನ್ನಬಹುದಿತ್ತು; ಹಾಗೆ ಎಂದವರು ಈ ಕ್ಷೇತ್ರದಲ್ಲಿ ಕಡಿಮೆಯೇನಿಲ್ಲ. ಇವರು ಇನ್ನೊಂದು ಪ್ರಶ್ನೆ ಕೇಳಿದರು: ಯಾವ ವಿವರಣೆ ಫಲಿಸಬೇಕಾದರೆ ಹೊದಿಕೆ ಎಷ್ಟು ಗಡುಸಾಗಿರಬೇಕು? ಆಗ ಐದರ ದಾರಿಗಳು ಬೇರೆಯಾದವು. ಕೆಲವಕ್ಕೆ ಹೊದಿಕೆ ಮೆತ್ತಗಿರಲೇಬೇಕು, ಇಲ್ಲವಾದರೆ ಬಾಗುವುದಿಲ್ಲ. ಕೆಲವಕ್ಕೆ ಹೊದಿಕೆ ಕೋಶಪದರಕ್ಕಿಂತ ಗಡುಸಾಗಿರಬೇಕು. ಅಂದರೆ ವಾದ ತೀರಬೇಕಾದರೆ ಭ್ರೂಣವನ್ನು ಮತ್ತಷ್ಟು ಹೊತ್ತು ದಿಟ್ಟಿಸಿ ನೋಡಿ ಪ್ರಯೋಜನವಿಲ್ಲ, ಅದನ್ನು ಒತ್ತಿ ನೋಡಬೇಕು. ಅವರು ಒತ್ತಿ ಅಳೆದರು. 1999ರಲ್ಲಿ ಅಳತೆಗಳು ಪ್ರಕಟವಾದಾಗ ಐದರಲ್ಲಿ ಕೆಲವು ವಿವರಣೆಗಳು ಅಲ್ಲಿಗೆ ಬಿದ್ದುಹೋದವು.

ಮಡಿಕೆ ಬೀಳುವಾಗ ಕೋಶಗಳು ನೆರೆಹೊರೆಯನ್ನು ಹೆಚ್ಚು ಬದಲಿಸುವುದಿಲ್ಲ. ಭ್ರೂಣ ಉದ್ದವಾಗುವಾಗ ಬದಲಿಸುತ್ತವೆ. ನೊಣದ ಮಡಿಕೆ ಮುಗಿಯುತ್ತಿದ್ದಂತೆ ಅದರ ದೇಹದ ಪಟ್ಟಿ ಎರಡೂವರೆ ಪಟ್ಟು ಉದ್ದವಾಗಿ, ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಇದು ಆಗುವುದು ಕೋಶಗಳ ಸಂಖ್ಯೆ ಹೆಚ್ಚಿದ್ದರಿಂದಲ್ಲ, ಅವು ಜಾಗ ಬದಲಿಸಿದ್ದರಿಂದ. ನಾಲ್ಕು ಕೋಶಗಳನ್ನು ಊಹಿಸಿಕೊಳ್ಳಿ: ಎಡಬಲದ ಎರಡು ಒಂದಕ್ಕೊಂದು ತಾಗಿವೆ, ಮೇಲಿನ ಮತ್ತು ಕೆಳಗಿನ ಕೋಶಗಳ ನಡುವೆ ಇವು ಅಡ್ಡ ಬಂದಿವೆ. ಎಡಬಲದವುಗಳ ನಡುವಿನ ಗೋಡೆ ಕುಗ್ಗುತ್ತಾ ಒಂದು ಚುಕ್ಕೆಯಾಗುತ್ತದೆ. ಆಮೇಲೆ ಆ ಚುಕ್ಕೆಯಿಂದ ಅಡ್ಡ ದಿಕ್ಕಿನಲ್ಲಿ ಹೊಸ ಗೋಡೆ ಬೆಳೆಯುತ್ತದೆ. ಈಗ ಮೇಲಿನದೂ ಕೆಳಗಿನದೂ ನೆರೆಯವರು. ಫ್ರಾನ್ಸಿನಲ್ಲಿ ತೊಮಾ ಲ್ಯಕ್ವಿ ಅವರ ತಂಡ 2004ರಲ್ಲಿ ತೋರಿಸಿದಂತೆ, ಕುಗ್ಗಬೇಕಾದ ಗೋಡೆಗಳಲ್ಲೇ ಮಯೋಸಿನ್ ಹೆಚ್ಚಾಗಿ ಸೇರಿಕೊಂಡಿರುತ್ತದೆ.

ಇಂಥದ್ದಕ್ಕೆ ಹೊಂದುವುದು ‘ವರ್ಟೆಕ್ಸ್ ಮಾದರಿ’. ಅದರಲ್ಲಿ ಅಂಗಾಂಶ ಎಂದರೆ ಬಹುಭುಜಗಳ ಹಾಸು. ಲೆಕ್ಕಕ್ಕೆ ಬರುವುದು ಮೂಲೆಗಳು ಮಾತ್ರ. ಪ್ರತಿ ಕೋಶಕ್ಕೂ ತನಗೊಪ್ಪುವ ಒಂದು ವಿಸ್ತೀರ್ಣ, ಒಂದು ಸುತ್ತಳತೆ ಇರುತ್ತದೆ. ಅವುಗಳಿಂದ ದೂರ ಸರಿದಷ್ಟೂ ಶಕ್ತಿಯ ದಂಡ ಹೆಚ್ಚು. ಕಂಪ್ಯೂಟರ್ ಮೂಲೆಗಳನ್ನು ಸರಿಸುತ್ತಾ ಒಟ್ಟು ದಂಡವನ್ನು ಇಳಿಸುತ್ತದೆ. ಗೋಡೆ ತೀರಾ ಚಿಕ್ಕದಾದಾಗ ತಂತ್ರಾಂಶ ಅದನ್ನು ಅಳಿಸಿ ಅಡ್ಡಗೋಡೆ ಬರೆಯುತ್ತದೆ. ‘ತೀರಾ ಚಿಕ್ಕದು’ ಎಂದರೆ ಎಷ್ಟು ಎಂದು ತೀರ್ಮಾನಿಸುವವನು ಕಾರ್ಯಕ್ರಮ ಬರೆದವನು. ನಿಸರ್ಗದ ನಿಯಮದ ಹೆಸರಿನಲ್ಲಿ ಇಂಥ ಸಣ್ಣಪುಟ್ಟ ಕೈವಾಡಗಳು ಪ್ರತಿ ಮಾದರಿಯಲ್ಲೂ ಇರುತ್ತವೆ, ಅವನ್ನು ಹುಡುಕಿ ಓದುವ ಅಭ್ಯಾಸ ಒಳ್ಳೆಯದು.

ಆದರೂ ಈ ಬಡಪಾಯಿ ಬಹುಭುಜಗಳಿಂದ ಒಂದು ದೊಡ್ಡ ಸಂಗತಿ ಹೊರಬಿತ್ತು. ಕೋಶವೊಂದರ ಸುತ್ತಳತೆಯನ್ನು ಅದರ ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸಿ. ಸಮ ಷಟ್ಕೋನಕ್ಕೆ ಸುಮಾರು 3.72, ಸಮ ಪಂಚಕೋನಕ್ಕೆ 3.81 ಬರುತ್ತದೆ. ಲೀಸಾ ಮ್ಯಾನಿಂಗ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಈ ಅಂಕಿ 3.81ಕ್ಕಿಂತ ಕೆಳಗಿದ್ದರೆ ಅಂಗಾಂಶ ಘನದಂತೆ ಬಿಗಿದುಕೊಂಡಿರುತ್ತದೆ, ಮೇಲಿದ್ದರೆ ದ್ರವದಂತೆ ಹರಿಯುತ್ತದೆ. ಕೋಶಗಳ ನಡುವೆ ಎಳ್ಳಷ್ಟೂ ಖಾಲಿ ಜಾಗವಿರಬೇಕಿಲ್ಲ. ಆಕಾರ ಬದಲಾದರೆ ಸಾಕು. ಅದೇ ವರ್ಷ ಇನ್ನೊಂದು ತಂಡ ಮನುಷ್ಯರ ಶ್ವಾಸನಾಳದ ಕೋಶಗಳನ್ನು ಅಳೆದಾಗ ಆ ಅಂಕಿಗೆ ಹೊಂದುವ ನಡವಳಿಕೆ ಕಂಡಿತು. ಆಸ್ತಮಾ ಇದ್ದವರ ಕೋಶಗಳು ಬಿಗಿದುಕೊಳ್ಳಲು ಹೆಚ್ಚು ಕಾಲ ತೆಗೆದುಕೊಂಡವು. ಜೀಬ್ರಾ ಮೀನಿನ ಭ್ರೂಣದಲ್ಲೂ ಬಾಲದ ತುದಿಯ ಅಂಗಾಂಶ ದ್ರವದಂತಿದ್ದು, ಮುಂದಕ್ಕೆ ಬರುತ್ತಾ ಗಟ್ಟಿಯಾಗುತ್ತದೆ ಎಂದು ಓಟ್ಗೆರ್ ಕಾಂಪಾಸ್ ಅವರ ಪ್ರಯೋಗಾಲಯ 2018ರಲ್ಲಿ ತೋರಿಸಿತು. ಅಂದ ಹಾಗೆ, ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಈಜುವ ಈ ಜೀಬ್ರಾ ಮೀನು ಮೂಲತಃ ನಮ್ಮ ಉಪಖಂಡದ ಹೊಳೆಗಳದ್ದು.

ಇನ್ನೊಂದು ಬಗೆಯ ಅನಿಮೇಷನ್‌ನಲ್ಲಿ ಕೋಶಕ್ಕೆ ಮೂಲೆಗಳೇ ಇಲ್ಲ. ಪರದೆಯ ಒಂದಷ್ಟು ಚೌಕಗಳ ಗುಂಪೇ ಒಂದು ಕೋಶ. ಗಡಿಯ ಒಂದು ಚೌಕವನ್ನು ಪಕ್ಕದ ಕೋಶ ಕಸಿದುಕೊಳ್ಳಲು ನೋಡುತ್ತದೆ; ಅದರಿಂದ ಒಟ್ಟು ಶಕ್ತಿ ಇಳಿಯುವುದಾದರೆ ಒಪ್ಪಿಗೆ, ಏರುವುದಾದರೆ ಅಪರೂಪಕ್ಕೊಮ್ಮೆ ಒಪ್ಪಿಗೆ. ಫ್ರಾನ್ಸ್ವಾ ಗ್ರಾನರ್ ಮತ್ತು ಜೇಮ್ಸ್ ಗ್ಲೇಜಿಯರ್ 1992ರಲ್ಲಿ ಕಾಂತೀಯತೆಯ ಅಧ್ಯಯನಕ್ಕಾಗಿ ಹುಟ್ಟಿದ ‘ಪಾಟ್ಸ್ ಮಾದರಿ’ಯನ್ನು ಹೀಗೆ ಜೀವಕೋಶಗಳಿಗೆ ಒಗ್ಗಿಸಿದರು. ಎರಡು ಬಗೆಯ ಕೋಶಗಳನ್ನು ಕಲಸಿಟ್ಟು, ಒಂದೇ ಬಗೆಯವು ಪರಸ್ಪರ ಹೆಚ್ಚು ಅಂಟಿಕೊಳ್ಳುತ್ತವೆ ಎಂದಷ್ಟೇ ಹೇಳಿದರೆ ಅವು ತಾವಾಗಿಯೇ ಬೇರ್ಪಟ್ಟು ಒಂದರೊಳಗೊಂದು ಕುಳಿತುಕೊಳ್ಳುತ್ತವೆ. ನಿಜವಾದ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿಸಿ ಬೆರೆಸಿದರೂ ಹೀಗೆಯೇ ಆಗುವುದನ್ನು ಭ್ರೂಣವಿಜ್ಞಾನಿ ಹೋಲ್ಟ್‌ಫ್ರೆಟರ್ 1955ರಲ್ಲೇ ಕಂಡಿದ್ದರು, ಕಾರಣ ಅಂಟಿನ ವ್ಯತ್ಯಾಸವೆಂದು ಮಾಲ್ಕಮ್ ಸ್ಟೈನ್‌ಬರ್ಗ್ 1960ರ ದಶಕದಲ್ಲಿ ವಾದಿಸಿದ್ದರು. ನೋಡಲು ಇದು ಬಹಳ ಚೆಂದ. ಆದರೆ ಅಲ್ಲಿನ ಕಾಲ ನಿಮಿಷಗಳಲ್ಲಿ ಅಳೆಯುವ ಕಾಲವಲ್ಲ, ಪ್ರಯತ್ನಗಳ ಎಣಿಕೆ. ಅಲ್ಲಿನ ‘ತಾಪಮಾನ’ವೂ ನಿಜವಾದ ಬಿಸಿಯಲ್ಲ, ಕೋಶದ ಚಡಪಡಿಕೆಗೆ ಕೊಟ್ಟ ಒಂದು ಅಂಕಿ. ಭ್ರೂಣದ ವಿಡಿಯೊದ ಪಕ್ಕದಲ್ಲಿಟ್ಟು ‘ಇಪ್ಪತ್ತನೆಯ ನಿಮಿಷದಲ್ಲಿ ಹೀಗಿರಬೇಕು’ ಎಂದು ಹೇಳಬೇಕಾದಲ್ಲಿ ಇದು ತೊಡಕಾಗುತ್ತದೆ.

ಬಿಗಿತ, ಅಂಟು ಇವುಗಳ ಜೊತೆಗೆ ಬೆಳವಣಿಗೆಯೇ ಒಂದು ಬಲ. ಹಿಸ್ ಹೇಳಿದ್ದು ಅದನ್ನೇ. ಕೋಳಿಮರಿಯ ಕರುಳು ಮೊಟ್ಟೆಯೊಳಗೆ ನೇರ ಕೊಳವೆಯಾಗಿ ಶುರುವಾಗಿ, ಆಮೇಲೆ ಸುರುಳಿ ಸುರುಳಿಯಾಗಿ ಮಡಚಿಕೊಳ್ಳುತ್ತದೆ. ಹಾರ್ವರ್ಡ್‌ನ ಎಲ್. ಮಹಾದೇವನ್, ಕ್ಲಿಫರ್ಡ್ ಟ್ಯಾಬಿನ್ ಮತ್ತು ತಿಯೆರಿ ಸಾವಿನ್ ಮುಂತಾದವರು 2011ರಲ್ಲಿ ಇದರ ಕಾರಣವನ್ನು ಬಿಡಿಸಿಟ್ಟರು. ಕರುಳಿಗೆ ಅಂಟಿಕೊಂಡ ತೆಳುಪೊರೆಯೊಂದಿದೆ. ಕರುಳು ಬೇಗ ಬೆಳೆಯುತ್ತದೆ, ಪೊರೆ ನಿಧಾನವಾಗಿ ಬೆಳೆಯುತ್ತದೆ. ಪೊರೆಯನ್ನು ಕತ್ತರಿಸಿ ಬೇರ್ಪಡಿಸಿದರೆ ಸುರುಳಿ ಬಿಚ್ಚಿ ಕರುಳು ನೇರವಾಗುತ್ತದೆ. ಅವರು ರಬ್ಬರ್ ಹಾಳೆಯೊಂದನ್ನು ಎಳೆದು ಹಿಡಿದು, ಅದಕ್ಕೆ ರಬ್ಬರ್ ಕೊಳವೆಯನ್ನು ಹೊಲಿದು ಬಿಟ್ಟರು. ಅದೂ ಸುರುಳಿಯಾಯಿತು. ಹೆಕೆಲ್ ನಕ್ಕಿದ್ದ ಆ ಕೊಳವೆಯೇ! ಈ ಸಲ ಜೊತೆಗೆ ಲೆಕ್ಕವೂ ಇತ್ತು. ಕೊಳವೆಯ ವ್ಯಾಸ, ಎರಡರ ಗಡುಸು, ಬೆಳವಣಿಗೆಯ ವ್ಯತ್ಯಾಸ ಇಷ್ಟನ್ನು ಅಳೆದರೆ ಸುರುಳಿಯ ಗಾತ್ರ ಎಷ್ಟಿರಬೇಕೆಂದು ಕೋಳಿ, ಕ್ವೇಲ್ ಹಕ್ಕಿ, ಜೀಬ್ರಾ ಫಿಂಚ್, ಇಲಿ ನಾಲ್ಕಕ್ಕೂ ಹೇಳಬಹುದಾಗಿತ್ತು. ಅದೇ ಮಹಾದೇವನ್, ತುವೊಮಾಸ್ ತಲ್ಲಿನೆನ್ ಮುಂತಾದವರೊಂದಿಗೆ 2016ರಲ್ಲಿ 22 ವಾರಗಳ ಮಾನವ ಭ್ರೂಣದ ನುಣುಪಾದ ಮಿದುಳಿನ ಆಕಾರವನ್ನು ಜೆಲ್‌ನಲ್ಲಿ ಎರಕ ಹೊಯ್ದು, ಹೊರಪದರ ಮಾತ್ರ ಉಬ್ಬುವಂತೆ ಮಾಡಿದರು. ಜೆಲ್ ಮಿದುಳಿನಲ್ಲಿ ಬಿದ್ದ ಮಡಿಕೆಗಳೂ ಕಂಪ್ಯೂಟರಿನಲ್ಲಿ ಬಿದ್ದ ಮಡಿಕೆಗಳೂ ನಿಜವಾದ ಮಿದುಳಿನ ಪ್ರಮುಖ ಮಡಿಕೆಗಳನ್ನು ಹೋಲುತ್ತಿದ್ದವು.

ವೈದ್ಯಕೀಯಕ್ಕೆ ಇದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ನೇರವಾಗಿಯೇ ಹೇಳಬೇಕು. ಮನುಷ್ಯ ಭ್ರೂಣದಲ್ಲಿ ನರನಾಳ ಸುಮಾರು 28ನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಮಗುವಿನ ಬೆನ್ನುಹುರಿ ಅಥವಾ ಮಿದುಳಿಗೆ ಗಂಭೀರ ಊನ. ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ, ಹಿಂದೊಮ್ಮೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇಕಡಾ 72ರಷ್ಟು ಇಳಿಯುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಸಾಬೀತುಪಡಿಸಿತು. ಅದು ತಾಯಂದಿರನ್ನು ಒಳಗೊಂಡ ಪ್ರಯೋಗ, ಯಾವ ಅನಿಮೇಷನ್ನಿನ ಫಲವೂ ಅಲ್ಲ. ನಾಳ ಮುಚ್ಚಲು ಎಷ್ಟು ಬಲ ಬೇಕು, ಯಾವ ಬಲ ಕೈಕೊಟ್ಟಾಗ ಅದು ತೆರೆದೇ ಉಳಿಯುತ್ತದೆ ಎಂಬ ಪ್ರಶ್ನೆಗಳಲ್ಲಿ ಮಾದರಿಗಳ ಕೆಲಸ ನಡೆದಿದೆ. ಅದು ಔಷಧಿ ಅಂಗಡಿಯವರೆಗೆ ಬಂದಿಲ್ಲ.

ಮಾದರಿಗಳಿಗೆ ಮೊದಲಿಗಿಂತ ಈಗ ಒಳ್ಳೆಯ ಎದುರಾಳಿಗಳು ಸಿಕ್ಕಿದ್ದಾರೆ. 2008ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು ತೆಳುವಾದ ಬೆಳಕಿನ ಹಾಳೆಯಿಂದ ಜೀಬ್ರಾ ಮೀನಿನ ಭ್ರೂಣವನ್ನು ಮೊದಲ 24 ಗಂಟೆಗಳ ಕಾಲ ಚಿತ್ರೀಕರಿಸಿ, ಕೋಶಕೇಂದ್ರಗಳ ಓಡಾಟವನ್ನು ದಾಖಲಿಸಿದರು. ಬಲವನ್ನೂ ಈಗ ಸ್ವಲ್ಪಮಟ್ಟಿಗೆ ಅಳೆಯಬಹುದು. ಎರಡು ಕೋಶಗಳ ನಡುವಿನ ಗೋಡೆಯನ್ನು ಲೇಸರಿನಿಂದ ಕತ್ತರಿಸಿ, ತುದಿಗಳು ಎಷ್ಟು ವೇಗವಾಗಿ ದೂರ ಸರಿಯುತ್ತವೆ ಎಂದು ನೋಡಿದರೆ ಬಿಗಿತದ ಅಂದಾಜು ಸಿಗುತ್ತದೆ. ಕಾಂಪಾಸ್ ಅವರ ತಂಡ ಕೋಶಗಳ ನಡುವೆ ಎಣ್ಣೆಯ ಹನಿಗಳನ್ನು ಸೇರಿಸಿ, ಹನಿ ಎಷ್ಟು ವಿಕಾರವಾಯಿತು ಎಂಬುದರಿಂದ ಒತ್ತಡವನ್ನು ಲೆಕ್ಕ ಹಾಕುತ್ತದೆ.

ಹೀಗೆ ಅಳತೆ ಹತ್ತಿರ ಬಂದಾಗ ಮಾದರಿಯ ಬುಡವೇ ಅಲುಗಾಡುವುದೂ ಉಂಟು. ಓಡೆಲ್ ತಂಡದಿಂದ ಹಿಡಿದು ಬಹುತೇಕರು ನೊಣದ ಮಡಿಕೆಯನ್ನು ಕೋಶಗಳಿಂದ ಕಟ್ಟುತ್ತಾ ಬಂದಿದ್ದರು. ಕೋಶದ ಪಕ್ಕಗೋಡೆ, ಒಳಮುಖ, ಅವುಗಳ ಸ್ಪ್ರಿಂಗುಗಳು ಇಲ್ಲದೆ ಅವರ ಲೆಕ್ಕವೇ ಇರಲಿಲ್ಲ. 2014ರಲ್ಲಿ ವೀಶೌಸ್ ಅವರ ಪ್ರಿನ್ಸ್‌ಟನ್ ಪ್ರಯೋಗಾಲಯದ ಬಿಂಗ್ ಹೆ, ಕಾನ್‌ಸ್ಟಂಟಿನ್ ದುಬ್ರೊವಿನ್ಸ್ಕಿ ಮತ್ತು ಸಂಗಡಿಗರು ಮಡಿಕೆಯ ಮೊದಲ ಹಂತದಲ್ಲಿ ಕೋಶಗಳೊಳಗಿನ ದ್ರವ ಹೇಗೆ ಹರಿಯುತ್ತದೆ ಎಂದು ಅಳೆದರು. ಹೊರಮೈ ಕುಗ್ಗಿದಾಗ ಕೆಳಗಿನ ಜಿಗುಟು ದ್ರವ ಹೇಗೆ ಸರಿಯಬೇಕೋ ಹಾಗೆಯೇ, ಜಡತ್ವವಿಲ್ಲದ ದ್ರವದ ಸಮೀಕರಣ ಹೇಳಿದಂತೆಯೇ, ಅದು ಸರಿಯುತ್ತಿತ್ತು. ಆಮೇಲೆ ಅವರು ಜೀನ್ ದೋಷದಿಂದಾಗಿ ಕೋಶಗಳೇ ಬೇರ್ಪಡದ ಭ್ರೂಣಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಪಕ್ಕಗೋಡೆಗಳಿಲ್ಲ, ಹೊರಮೈ ಮಾತ್ರ ಕುಗ್ಗುತ್ತದೆ. ಅಲ್ಲೂ ದ್ರವ ಬಹುಮಟ್ಟಿಗೆ ಅದೇ ರೀತಿ ಹರಿಯಿತು. ಕಂಪ್ಯೂಟರುಗಳು ಮೂವತ್ತು ವರ್ಷಗಳಿಂದ ಅಷ್ಟು ಶ್ರದ್ಧೆಯಿಂದ ಬರೆಯುತ್ತಿದ್ದ ಪಕ್ಕಗೋಡೆಗಳು ಆ ಮೊದಲ ಕೆಲವು ನಿಮಿಷಗಳ ಮಟ್ಟಿಗೆ ಲೆಕ್ಕಕ್ಕೆ ಬೇಕಾಗಿಯೇ ಇರಲಿಲ್ಲ. ಅವು ಬೇಕಾಗುವುದು ಎರಡನೆಯ ಹಂತದಲ್ಲಿ, ಪದರ ನಿಜವಾಗಿ ಒಳಕ್ಕೆ ಜಾರುವಾಗ. ಹೊರಮುಖದ ಸಂಕೋಚನವೊಂದೇ ಆ ಹಂತವನ್ನು ದಾಟಿಸಲಾರದು ಎಂದು ಹಲವು ಮಾದರಿಗಳು ಹೇಳಿವೆ. ಕೋಶಗಳ ಒಳಮುಖ ಸಡಿಲವಾಗಬೇಕು, ಇಲ್ಲವೇ ಪಕ್ಕಗೋಡೆಗಳು ಗಿಡ್ಡವಾಗಬೇಕು. ಈ ಎರಡರ ಪಾಲು ಎಷ್ಟೆಷ್ಟು ಎಂಬ ಚರ್ಚೆ ನಡೆಯುತ್ತಲೇ ಇದೆ.